ಹುಲ್ಲಿನ ಹೊಲಕ್ಕೆ ಮೂರು ಪಾಲು
ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯಲ್ಲಿ ನಾಟಿ ಹುಲ್ಲು ಬೆಳೆಯುವ ಕ್ರಮ

ಶಿವರಾತ್ರಿ ಕಳೆಯಿತೆಂದರೆ ಅರಸೀಕೆರೆ ಸೀಮೆಯ ಕೊಟ್ಟಿಗೆಗಳಲ್ಲಿ ಚಿಂತೆ ಮೊದಲಾಗುತ್ತದೆ. ಕಣದಲ್ಲಿದ್ದ ರಾಗಿ ಹುಲ್ಲಿನ ಮೆದೆ ಅರ್ಧಕ್ಕೆ ಇಳಿದಿರುತ್ತದೆ. ಕೆರೆಯಂಗಳದ ಹಸಿರು ಒಣಗಿರುತ್ತದೆ. ಗೋಮಾಳಕ್ಕೆ ಹೊಡೆದ ದನ ಸಂಜೆ ಬರುವಾಗ ಹೊಟ್ಟೆ ಒಳಕ್ಕೆ ಹೋಗಿರುತ್ತದೆ. ಹೊರಗಿನಿಂದ ಹುಲ್ಲು ಕೊಳ್ಳಬೇಕು, ಇಲ್ಲವೇ ದನವನ್ನು ಸಂತೆಗೆ ಹೊಡೆಯಬೇಕು. ಯುಗಾದಿಯಿಂದ ಮುಂಗಾರಿನವರೆಗಿನ ಈ ಕಾಲದಲ್ಲಿ ಮಾರಿದ ದನಕ್ಕೆ ಒಳ್ಳೆಯ ಬೆಲೆ ಬರುವುದಿಲ್ಲ, ಕೊಂಡ ಹುಲ್ಲು ಅಗ್ಗಕ್ಕೆ ಸಿಗುವುದಿಲ್ಲ ಎಂಬುದನ್ನು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನೀರಾವರಿ ಇದ್ದವರು ನೇಪಿಯರ್ ತಳಿಯ ಹುಲ್ಲು ಬೆಳೆದು ಸೀಮೆ ಹಸುಗಳನ್ನು ಸಾಕುತ್ತಾರೆ. ಅದು ಸರಿಯೇ. ಆದರೆ ಕೊಳವೆ ಬಾವಿ ಇಲ್ಲದವರ, ಇದ್ದರೂ ನೀರು ನಿಂತುಹೋದವರ ಪಾಡೇನು? ಅವರ ಬಳಿ ಕಲ್ಲು ಹೊಲ, ಮೊರಡಿ, ಹಳ್ಳದ ದಂಡೆ, ಅಗಲವಾದ ಬದು ಇರುತ್ತವೆ. ರಾಗಿ ಹಾಕಿದರೆ ಬಿತ್ತನೆಯ ಖರ್ಚು ಹುಟ್ಟದ ಇಂಥ ನೆಲವನ್ನು ನಾವು 'ಪಾಳು' ಎಂದು ಕರೆದು ಕೈಬಿಟ್ಟಿದ್ದೇವೆ. ಮಳೆಯೊಂದನ್ನೇ ನಂಬಿ ಈ ನೆಲದಲ್ಲಿ ಬೆಳೆಯುವ, ನಮ್ಮ ಸೀಮೆಯದೇ ಆದ ಹುಲ್ಲುಗಳಿವೆ. ಅವನ್ನು ಬೆಳೆಯುವುದು ಕಷ್ಟವಲ್ಲ. ಯಾವಾಗ ಕೊಯ್ಯಬೇಕು, ಎಷ್ಟು ಬಿಡಬೇಕು ಎಂಬುದನ್ನು ಅರಿತು ನಡೆದರೆ ದನಕ್ಕೆ ಮೇವೂ ಸಿಗುತ್ತದೆ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ನೆಲೆಯೂ ಉಳಿಯುತ್ತದೆ. ಈ ಲೇಖನದ ಉದ್ದೇಶ ಇದನ್ನು ತಿಳಿಸುವುದೇ ಆಗಿದೆ.

ಹಿಂದಿನವರು ಮಾಡಿದ ಏರ್ಪಾಡು

ಈ ಸೀಮೆ ಮೊದಲಿನಿಂದಲೂ ದನಗಳ ಸೀಮೆ. ಹೊಯ್ಸಳರ ಕಾಲದ ವೀರಗಲ್ಲುಗಳಲ್ಲಿ ತುರುಗಳನ್ನು ಕಾಯಲು ಹೋರಾಡಿ ಮಡಿದವರ ಕಲ್ಲುಗಳೂ ಇವೆ. ದನವೇ ಐಶ್ವರ್ಯವಾಗಿದ್ದ ಕಾಲದಲ್ಲಿ ದನ ಮೇಯುವ ನೆಲವೂ ಐಶ್ವರ್ಯವೇ ಆಗಿತ್ತು.

ಮೈಸೂರು ಅರಸರ ಕಾಲಕ್ಕೆ ಬಂದರೆ ಈ ಏರ್ಪಾಡು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನು ನಡೆಸಿದರು. ಮುಂದೆ ಟಿಪ್ಪು ಸುಲ್ತಾನನ ಕಾಲದಲ್ಲಿ ಅದಕ್ಕೆ 'ಅಮೃತ ಮಹಲ್' ಎಂಬ ಹೆಸರು ಬಂದಿತು. ಸೈನ್ಯದ ತೋಪುಗಳನ್ನೂ ಸಾಮಾನುಗಳನ್ನೂ ಎಳೆದ ಅಮೃತ ಮಹಲ್ ಎತ್ತುಗಳು ಬೆಳೆದದ್ದು ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಾವಲುಗಳಲ್ಲಿ. ಈ ಕಾವಲುಗಳಲ್ಲಿ ಯಾರೂ ಹುಲ್ಲು ಬಿತ್ತಿರಲಿಲ್ಲ. ಇದ್ದ ನಾಟಿ ಹುಲ್ಲನ್ನೇ ಕಾಯ್ದುಕೊಂಡಿದ್ದರು.

ಅವರು ಕಾದ ರೀತಿಯನ್ನು ನಾವು ಗಮನಿಸಬೇಕು. ಕಾವಲುಗಳನ್ನು ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ದನದ ಹಿಂಡು ಕಾಲಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಒಂದು ಕಾವಲಿನಲ್ಲಿ ದನ ಮೇಯುವಾಗ ಉಳಿದವು ಚಿಗುರಿ, ತೆನೆ ಬಿಟ್ಟು, ಬೀಜ ಉದುರಿಸಿಕೊಳ್ಳುತ್ತಿದ್ದವು. ಕಾವಲುಗಾರರು ಉಳಿದವರ ದನ ನುಗ್ಗದಂತೆ ನೋಡಿಕೊಳ್ಳುತ್ತಿದ್ದರು. ಹುಲ್ಲಿಗೆ ಬಿಡುವು ಕೊಡುವುದೇ ಈ ಏರ್ಪಾಡಿನ ಗುಟ್ಟು.

1929ರಲ್ಲಿ ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಸ್ಥಾಪನೆಯಾಯಿತು. ಕಾವಲುಗಳು ಮಾತ್ರ ಕಾಲ ಕಳೆದಂತೆ ಕರಗಿದವು. ಸಾಗುವಳಿಗೆ, ನೆಡುತೋಪಿಗೆ, ಬೇರೆ ಬೇರೆ ಯೋಜನೆಗಳಿಗೆ ಹಂಚಿಹೋದವು. ಉಳಿದಿರುವ ಕಾವಲುಗಳ ಬೆಲೆ ಈಗ ತಿಳಿಯತೊಡಗಿದೆ. ಅರಸೀಕೆರೆಗೆ ನೆರೆಯ ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿ ಕೃಷ್ಣಮೃಗಗಳೂ ತೋಳಗಳೂ ಇವೆ. ದನಕ್ಕಾಗಿ ಕಾದ ಹುಲ್ಲೇ ಕಾಡುಪ್ರಾಣಿಗಳನ್ನೂ ಉಳಿಸಿತೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ರೈತರ ಬಳಿ ಕಾವಲುಗಳಿಲ್ಲ, ನಿಜ. ಆದರೆ ಒಂದು ಎಕರೆಯಲ್ಲಿಯೂ ಮೂರು ಪಾಲು ಮಾಡಬಹುದು.

ನಾಟಿ ಹುಲ್ಲೇ ಏಕೆ?

ನಮ್ಮ ಬಯಲುಸೀಮೆಯ ಹುಲ್ಲುಗಳು ರಾಗಿ, ಜೋಳ, ಕಬ್ಬುಗಳಂತೆ ಬಿಸಿಲಿನ ಬೆಳೆಗಳು. ವಿಜ್ಞಾನಿಗಳು ಇವನ್ನು ಸಿ-4 ವರ್ಗವೆಂದು ಕರೆಯುತ್ತಾರೆ. ಬಿಸಿಲು ಹೆಚ್ಚಾದಾಗಲೂ ಇವು ಸೊರಗದೆ, ಕಡಿಮೆ ನೀರಿನಲ್ಲಿ ಹೆಚ್ಚು ಒಣ ಪದಾರ್ಥವನ್ನು ತಯಾರಿಸುತ್ತವೆ. ಬಹುವಾರ್ಷಿಕವಾದುದರಿಂದ ಬೇಸಿಗೆಯಲ್ಲಿ ಮೇಲ್ಭಾಗ ಒಣಗಿದರೂ ಬುಡ ಜೀವಂತವಾಗಿರುತ್ತದೆ. ಭರಣಿಯೋ ಕೃತ್ತಿಕೆಯೋ ಒಂದು ಹದ ಮಳೆ ಸುರಿದರೆ ವಾರದೊಳಗೆ ಚಿಗುರುತ್ತದೆ. ಪ್ರತಿ ವರ್ಷ ಉಳುವ, ಬಿತ್ತುವ ಖರ್ಚಿಲ್ಲ. ಬೇರು ಮಣ್ಣನ್ನು ಹಿಡಿದಿಡುವುದರಿಂದ ಇಳಿಜಾರಿನಲ್ಲಿ ಮೇಲ್ಮಣ್ಣು ಕೊಚ್ಚಿಹೋಗುವುದು ಕಡಿಮೆಯಾಗುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಾಟಿ ಹುಲ್ಲು ನೇಪಿಯರ್‌ಗೆ ಸಾಟಿಯಾದ ಇಳುವರಿ ಕೊಡುವುದಿಲ್ಲ. ದಿನಕ್ಕೆ ಹದಿನೈದು ಲೀಟರ್ ಹಾಲು ಕೊಡುವ ಮಿಶ್ರತಳಿ ಹಸುವನ್ನು ಇದೊಂದರಿಂದಲೇ ಸಾಕಲಾಗದು. ಎತ್ತು, ನಾಟಿ ಹಸು, ಕಡಸು, ಎಮ್ಮೆ, ಕುರಿಗಳಿಗೆ ಇದು ಆಧಾರ. ಮಿಶ್ರತಳಿ ಹಸುವಿಗೆ ಇದು ಹೊಟ್ಟೆ ತುಂಬಿಸುವ ಒಣ ಮೇವು. ಹಿಂಡಿ ಮತ್ತು ಹಸಿರು ಮೇವನ್ನು ಅದಕ್ಕೆ ಬೇರೆ ಕೊಡಬೇಕು.

ಇನ್ನೊಂದು ವಿಚಾರವಿದೆ. ಹುಲ್ಲು ತನ್ನ ನೆಲದಲ್ಲಿದ್ದರೇ ಚೆನ್ನ. ನಮ್ಮ ಅಂಜನ್ ಹುಲ್ಲನ್ನು ಮೇವಿಗೆಂದು ಅಮೆರಿಕ ಮತ್ತು ಆಸ್ಟ್ರೇಲಿಯಗಳಿಗೆ ಒಯ್ದರು. ಅರಿಝೋನದ ಮರುಭೂಮಿಯಲ್ಲಿ ಅದು ಕಳೆಯಾಗಿ ಹಬ್ಬಿ, ಬೆಂಕಿ ಹರಡಲು ಕಾರಣವಾಗಿ, ಅಲ್ಲಿಯ ಗಿಡಗಳಿಗೆ ಕುತ್ತು ತಂದಿದೆ. ಅದೇ ಅಮೆರಿಕದಲ್ಲಿ ಈಗ ಹಲವು ರೈತರು ತಮ್ಮ ನಾಡಿನ ಹುಲ್ಲುಗಳನ್ನೇ ಮತ್ತೆ ಬಿತ್ತಿ, ದನಕ್ಕೂ ಅಲ್ಲಿಯ ಲಾವಕ್ಕಿಗೂ ನೆಲೆ ಮಾಡುತ್ತಿದ್ದಾರೆ. ಇಲ್ಲಿ ನಮಗೆ ಲಂಟಾನ, ಪಾರ್ಥೇನಿಯಂ, ಬಳ್ಳಾರಿ ಜಾಲಿಗಳು ಹೊರಗಿನಿಂದ ಬಂದು ಗೋಮಾಳ ನುಂಗಿದ ಅನುಭವವಿದೆ.

ಯಾವ ನೆಲಕ್ಕೆ ಯಾವ ಹುಲ್ಲು?

ಅಂಜನ್ ಹುಲ್ಲು: ಇದರ ಶಾಸ್ತ್ರೀಯ ಹೆಸರು ಸೆಂಕ್ರಸ್ ಸಿಲಿಯಾರಿಸ್. ಅರಸೀಕೆರೆ, ಬಾಣಾವರ, ಕಣಕಟ್ಟೆ, ಜಾವಗಲ್ ಕಡೆಯ ಕೆಂಪು ಮರಳು ಮಿಶ್ರಿತ ಮತ್ತು ಗರಸು ನೆಲಕ್ಕೆ ಬಹಳ ಯೋಗ್ಯ. ಬರವನ್ನು ತಡೆಯುತ್ತದೆ. ನೀರು ನಿಲ್ಲುವ ಕಡೆ ಬಾರದು. ಮೇಯಿಸಲೂ ಕೊಯ್ಯಲೂ ಒಳ್ಳೆಯದು.

ಮಾರ್ವೆಲ್ ಹುಲ್ಲು: ಡೈಕ್ಯಾಂಥಿಯಂ ಆನ್ಯುಲೇಟಮ್ ಎಂಬ ಈ ಹುಲ್ಲು ಎರೆ ಮಿಶ್ರಿತ ಭಾರದ ಮಣ್ಣು, ಹಳ್ಳದ ಮಗ್ಗುಲು ಮತ್ತು ತಗ್ಗು ಹೊಲಗಳಿಗೆ ಹೊಂದುತ್ತದೆ. ಕಾಂಡ ಮೃದುವಾಗಿರುವುದರಿಂದ ದನ ಇಷ್ಟಪಟ್ಟು ತಿನ್ನುತ್ತದೆ. ಹಳೇಬೀಡು, ಮಾದಿಹಳ್ಳಿ ಕಡೆ ಇಂಥ ನೆಲವಿದ್ದವರು ಇದನ್ನು ಆರಿಸಿಕೊಳ್ಳಬಹುದು.

ಊಬಿನ ಹುಲ್ಲು: ಗುಡ್ಡದ ಇಳಿಜಾರಿನಲ್ಲಿ ತಾನಾಗಿ ಬರುವ ಹೆಟೆರೋಪೋಗನ್ ಜಾತಿ. ಎಳೆಯದಿದ್ದಾಗ ಒಳ್ಳೆಯ ಮೇವು. ತೆನೆ ಬಲಿತ ಮೇಲೆ ಅದರ ಮುಳ್ಳಿನಂಥ ಊಬು ಕುರಿಯ ಉಣ್ಣೆಗೆ, ಚರ್ಮಕ್ಕೆ, ಬಾಯಿಗೆ ಚುಚ್ಚಿ ಹುಣ್ಣು ಮಾಡುತ್ತದೆ. ಆದ್ದರಿಂದ ತೆನೆ ಹೊರಡುವ ಮೊದಲೇ ಮೇಯಿಸಬೇಕು ಇಲ್ಲವೇ ಕೊಯ್ಯಬೇಕು. ಇದಿರುವ ಕಡೆ ಕಿತ್ತುಹಾಕಬೇಕಾಗಿಲ್ಲ. ಹೊಸದಾಗಿ ಬಿತ್ತಬೇಕಾಗಿಯೂ ಇಲ್ಲ.

ಗರಿಕೆ: ಎಲ್ಲರೂ ಬಲ್ಲ ಹುಲ್ಲು. ಬದು, ಕಾಲುವೆಯ ಏರಿ, ಓಡಾಡುವ ದಾರಿಗಳಲ್ಲಿ ಉಳಿಸಿಕೊಳ್ಳಬೇಕು. ಸಾಗುವಳಿ ಹೊಲದೊಳಗೆ ಬಿಟ್ಟುಕೊಳ್ಳಬಾರದು.

ಲಾವಂಚ: ಬದುವಿನ ಮೇಲೆ ಒತ್ತಾಗಿ ಸಾಲು ನೆಟ್ಟರೆ ಮಣ್ಣಿಗೆ ತಡೆಗೋಡೆಯಾಗುತ್ತದೆ. ಗುಂಡ್ಲುಪೇಟೆಯ ಕಡೆಯ ರೈತರು ಇದನ್ನು ತಲೆಮಾರುಗಳಿಂದ ಹೊಲದ ಗಡಿಗೆ ನೆಡುತ್ತಾ ಬಂದಿದ್ದಾರೆ. ಎಳೆಯ ಗರಿಯನ್ನು ದನ ತಿನ್ನುತ್ತದೆ.

ಬೆಳೆಸುವ ಕ್ರಮ

ಮೊದಲು ನೆಲವನ್ನು ಚೆನ್ನಾಗಿ ನೋಡಿರಿ. ಹತ್ತು ಹೆಜ್ಜೆ ನಡೆದಾಗ ಐದಾರು ಕಡೆಯಾದರೂ ಒಳ್ಳೆಯ ಹುಲ್ಲಿನ ಬುಡ ಕಾಲಿಗೆ ಸಿಕ್ಕಿದರೆ ಆ ನೆಲವನ್ನು ಉಳಬಾರದು. ಲಂಟಾನ, ಜಾಲಿಗಳನ್ನು ಬೇರು ಸಹಿತ ತೆಗೆದು, ಪಾರ್ಥೇನಿಯಂ ಗಿಡಗಳನ್ನು ಹೂವಾಗುವ ಮೊದಲು ಕಿತ್ತು, ಒಂದು ಮಳೆಗಾಲ ದನ ಬಿಡದೆ ಕಾದರೆ ಸಾಕು. ಹುಲ್ಲು ತಾನೇ ಎದ್ದು ಬರುತ್ತದೆ. ಪಾರ್ಥೇನಿಯಂ ಕೀಳುವಾಗ ಕೈಗೆ ಚೀಲ ಕಟ್ಟಿಕೊಳ್ಳಬೇಕು.

ಹುಲ್ಲು ಪೂರಾ ಹೋದ ನೆಲದಲ್ಲಿ ಬಿತ್ತಬೇಕಾಗುತ್ತದೆ. ಮುಂಗಾರು ಪೂರ್ವದ ಮಳೆಗೆ ಎರಡು ಸಲ ಉತ್ತು, ಎಕರೆಗೆ 2 ಟನ್ ಕೊಟ್ಟಿಗೆ ಗೊಬ್ಬರ ಹರಡಿ, ಇಳಿಜಾರಿಗೆ ಅಡ್ಡಲಾಗಿ ಸಾಲು ಮಾಡಬೇಕು. ಅರಸೀಕೆರೆ ಕಡೆ ರೋಹಿಣಿಯಿಂದ ಆರಿದ್ರಾ ಮಳೆಯೊಳಗೆ, ಬೇಲೂರು ಕಡೆ ಜಡಿಮಳೆ ಹಿಡಿಯುವ ಮೊದಲು ಬಿತ್ತನೆ ಮುಗಿಯಬೇಕು.

ಅಂಜನ್ ಹುಲ್ಲಿಗೆ ಎಕರೆಗೆ 2 ಕಿ.ಗ್ರಾಂ. ಬೀಜ ಬೇಕು. ಸಾಲಿನಿಂದ ಸಾಲಿಗೆ 50 ಸೆಂ.ಮೀ. ಅಂತರವಿರಲಿ. ಬೀಜ ಹತ್ತಿಯಂತೆ ಹಗುರವಾಗಿದ್ದು ಗಾಳಿಗೆ ಹಾರುವುದರಿಂದ ಅದನ್ನು ಒದ್ದೆ ಮರಳಿನೊಂದಿಗೆ ಬೆರೆಸಬೇಕು. ಇಲ್ಲವೇ ಜೇಡಿಮಣ್ಣು, ಸಗಣಿ, ಮರಳು ಸೇರಿಸಿ ಕಡಲೆಕಾಳಿನ ಗಾತ್ರದ ಉಂಡೆ ಮಾಡಿ ನೆರಳಲ್ಲಿ ಒಣಗಿಸಿಕೊಂಡು ಬಿತ್ತಬಹುದು. ಬೀಜ ಒಂದು ಸೆಂ.ಮೀ.ಗಿಂತ ಆಳಕ್ಕೆ ಹೋಗಬಾರದು. ಬಿತ್ತಿದ ಮೇಲೆ ಮುಳ್ಳಿನ ಕೊಂಬೆಯನ್ನು ಮೆಲ್ಲಗೆ ಎಳೆದರೆ ಸಾಕು.

ಹೊಸ ಬೀಜ ಕೂಡಲೇ ಮೊಳೆಯುವುದಿಲ್ಲ. ಈ ವರ್ಷ ಆಯ್ದ ಬೀಜವನ್ನು ಬಟ್ಟೆ ಚೀಲದಲ್ಲಿ ತುಂಬಿ, ಒಣ ಜಾಗದಲ್ಲಿಟ್ಟು ಮುಂದಿನ ಮುಂಗಾರಿಗೆ ಬಿತ್ತುವುದು ವಾಡಿಕೆ. ರಸ್ತೆಯ ಬದಿ, ರೈಲು ಹಳಿಯ ಮಗ್ಗುಲು, ಬೇಲಿಯ ಸಂದಿಗಳಲ್ಲಿ ಬೆಳೆದ ಹುಲ್ಲಿನಿಂದ ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ಬೀಜವನ್ನು ಕೈಯಿಂದ ಸವರಿ ತೆಗೆಯಬಹುದು. ನಮ್ಮ ಸೀಮೆಯ ಮಳೆಗೆ ಪಳಗಿದ ಬೀಜ ಅದೇ.

ಬೀಜಕ್ಕಿಂತ ಬೇರು ಸಹಿತ ಬುಡಗಳನ್ನು ಒಡೆದು ನೆಡುವುದು ಹೆಚ್ಚು ಭದ್ರ. 50 × 30 ಸೆಂ.ಮೀ. ಅಂತರಕ್ಕೆ ಎಕರೆಗೆ ಸುಮಾರು 27,000 ಬುಡಗಳು ಬೇಕಾಗುವುದರಿಂದ ಒಂದೇ ವರ್ಷ ಪೂರಾ ನೆಡುವುದು ಕಷ್ಟ. ಮೊದಲ ವರ್ಷ ಐದು ಗುಂಟೆಯಲ್ಲಿ ನೆಟ್ಟು, ಅದನ್ನೇ ಸಸಿಮಡಿಯಂತೆ ಬಳಸಿ ವರ್ಷ ವರ್ಷ ಹಬ್ಬಿಸುವುದು ಜಾಣತನ. ನೆಟ್ಟ ಒಂದು ತಿಂಗಳಿಗೆ ಒಮ್ಮೆ ಕಳೆ ತೆಗೆದು, ಮಳೆಯ ಹದ ನೋಡಿ ಎಕರೆಗೆ 20 ಕಿ.ಗ್ರಾಂ. ಯೂರಿಯಾ ಕೊಟ್ಟರೆ ಹುಲ್ಲು ಬೇಗ ಮೇಲೇಳುತ್ತದೆ.

ತೆಂಗಿನ ತೋಟದಲ್ಲಿ ಬಿಸಿಲು ಬೀಳುವ ನಡುಸಾಲಿನಲ್ಲಿ ಮಾತ್ರ ಹುಲ್ಲು ಹಾಕಬಹುದು. ಮರದ ಬುಡದಿಂದ ಸುತ್ತ 2 ಮೀಟರ್ ಬಿಡಬೇಕು. ನೀರಿನ ಅನುಕೂಲವಿಲ್ಲದೆ ಮರಗಳೇ ಸೊರಗಿರುವ ತೋಟದಲ್ಲಿ ಹುಲ್ಲು ಬೇಡ. ಇದ್ದ ತೇವಕ್ಕೆ ಎರಡೂ ಪೈಪೋಟಿ ನಡೆಸುತ್ತವೆ.

ಮೊದಲ ವರ್ಷ ದನವನ್ನು ಒಳಗೆ ಬಿಡಲೇಬಾರದು. ಬೇರು ಹಿಡಿಯದ ಬುಡವನ್ನು ದನ ಕಿತ್ತೇ ತಿನ್ನುತ್ತದೆ. ಹೆಚ್ಚಿನ ಹುಲ್ಲುಗಾವಲುಗಳು ಹಾಳಾಗುವುದು ಈ ಒಂದು ತಪ್ಪಿನಿಂದಲೇ.

ಕುಡುಗೋಲು ಇಡುವ ಕಾಲ

ಹುಲ್ಲಿನ ಬೇಸಾಯದಲ್ಲಿ ಕಠಿಣವಾದ ಪ್ರಶ್ನೆ ಇದೇ. ಹೂವಾಡುವಾಗ ಕೊಯ್ದರೆ ಹುಲ್ಲಿನಲ್ಲಿ ಶೇಕಡ 7ರಿಂದ 9ರಷ್ಟು ಸಸಾರಜನಕ ಇರುತ್ತದೆ. ಬೀಜ ಉದುರಿ ಒಣಗಿದ ಮೇಲೆ ಕೊಯ್ದರೆ ಅದು ಶೇಕಡ 3-4ಕ್ಕೆ ಇಳಿಯುತ್ತದೆ. ದನದ ದೃಷ್ಟಿಯಿಂದ ಬೇಗ ಕೊಯ್ಯುವುದೇ ಲಾಭ. ಆದರೆ ಪ್ರತಿ ವರ್ಷ ಎಲ್ಲವನ್ನೂ ಬೇಗ ಕೊಯ್ದರೆ ಬೀಜ ಉದುರುವುದಿಲ್ಲ, ಬುಡ ಬಲಿಯುವುದಿಲ್ಲ, ನಾಲ್ಕಾರು ವರ್ಷಕ್ಕೆ ಹುಲ್ಲುಗಾವಲು ಬಡವಾಗುತ್ತದೆ. ಹಕ್ಕಿಗಳ ಮಾತೂ ಇದೆ. ಗೌಜಲಹಕ್ಕಿ, ಲಾವಕ್ಕಿ, ನೆಲಗುಬ್ಬಿಗಳು ನೆಲದ ಮೇಲೆಯೇ, ಹುಲ್ಲಿನ ಬುಡದಲ್ಲಿ ಮೊಟ್ಟೆ ಇಡುತ್ತವೆ. ಬೇಸಿಗೆಯ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅವು ಮರಿ ಮಾಡುವ ಕಾಲ. ನಾವು ಕುಡುಗೋಲು ಇಡಲು ಬಯಸುವ ಕಾಲದಲ್ಲಿಯೇ ಹುಲ್ಲಿನ ಬುಡದಲ್ಲಿ ಮರಿಗಳಿರುತ್ತವೆ.

ಇದಕ್ಕೆ ಪರಿಹಾರವೆಂದರೆ ಕಾವಲಿನ ಹಳೆಯ ಕ್ರಮವೇ. ಹುಲ್ಲಿನ ಹೊಲವನ್ನು ಮೂರು ಪಾಲು ಮಾಡಿರಿ. ಕಲ್ಲು ನೆಟ್ಟು ಗುರುತು ಮಾಡಿಕೊಳ್ಳಿರಿ.

ಮಳೆಗಾಲದ ಪಾಲು: ಹೂವಾಡುವ ಕಾಲಕ್ಕೆ, ಹುಬ್ಬ-ಉತ್ತರೆ ಮಳೆಯ ಹೊತ್ತಿಗೆ ಕೊಯ್ದು ಹಸಿಯಾಗಿಯೇ ಕರೆಯುವ ದನಕ್ಕೆ ಹಾಕಬೇಕು. ಕೊಯ್ಯುವಾಗ ಅಂಚಿನಿಂದ ಒಳಕ್ಕೆ ಹೋಗಬಾರದು. ಹಾಗೆ ಮಾಡಿದರೆ ಮರಿಗಳೂ ಮೊಲಗಳೂ ನಡುವೆ ಸಿಕ್ಕಿಬೀಳುತ್ತವೆ. ನಡುವಿನಿಂದ ಹೊರಕ್ಕೆ ಕೊಯ್ಯುತ್ತಾ ಬಂದರೆ ಅವು ಪಕ್ಕದ ಪಾಲಿಗೆ ಓಡಿಹೋಗುತ್ತವೆ. ಗೂಡು ಕಂಡರೆ ಸುತ್ತ ಒಂದು ಮಾರು ಹುಲ್ಲು ಬಿಟ್ಟುಬಿಡಿರಿ.

ಚಳಿಗಾಲದ ಪಾಲು: ಬೀಜ ಉದುರಿದ ಮೇಲೆ, ಮಳೆ ಹಿಂದೆಗೆದ ಬಿಸಿಲು ದಿನಗಳಲ್ಲಿ, ದೀಪಾವಳಿಯ ಆಸುಪಾಸು ಕೊಯ್ದು ಒಣಗಿಸಿ ಮೆದೆ ಹಾಕಬೇಕು. ಬೇಸಿಗೆಗೆ ಇದೇ ಮುಖ್ಯ ಮೇವು.

ಬೇಸಿಗೆ ಪಾಲು: ಇದನ್ನು ಕೊಯ್ಯದೆ ನಿಲ್ಲಿಸಬೇಕು. ಹಕ್ಕಿ, ಮೊಲಗಳಿಗೆ ಇದು ಆಸರೆ. ಬರ ಬಂದ ವರ್ಷ ರೈತನಿಗೆ ಇದೇ ಆಪದ್ಧನ. ಮೇವು ತೀರಾ ಸಾಲದಾದರೆ ಮಾರ್ಚ್ ಮುಗಿಯುವುದರೊಳಗೆ ಅಲ್ಲಲ್ಲಿ ಪಟ್ಟಿ ಬಿಟ್ಟು ಕೊಯ್ಯಬಹುದು. ಏಪ್ರಿಲ್ ಮೇಲೆ ಗೌಜಲಹಕ್ಕಿ ಮೊಟ್ಟೆ ಇಡುವ ಕಾಲವಾದ್ದರಿಂದ ಅದನ್ನು ಮುಟ್ಟಬಾರದು.

ಮುಂದಿನ ವರ್ಷ ಪಾಲುಗಳನ್ನು ಬದಲಿಸಬೇಕು. ಹೀಗೆ ಮಾಡಿದರೆ ಮೂರು ವರ್ಷಕ್ಕೊಮ್ಮೆ ಪ್ರತಿಯೊಂದು ಪಾಲಿಗೂ ಪೂರ್ತಿ ಬಿಡುವು ಸಿಗುತ್ತದೆ. ಯಾವ ಪಾಲನ್ನು ಕೊಯ್ದರೂ ನೆಲದಿಂದ 10 ಸೆಂ.ಮೀ., ಅಂದರೆ ಒಂದು ಅಂಗೈ ಅಗಲದಷ್ಟು ಎತ್ತರ ಬಿಟ್ಟು ಕೊಯ್ಯಬೇಕು. ನೆಲಕ್ಕೆ ಒತ್ತಿ ಕೊಯ್ದರೆ ಮತ್ತೆ ಚಿಗುರುವ ಶಕ್ತಿ ಕುಂದುತ್ತದೆ.

ಮೂರು ಊರಿಗೆ ಮೂರು ಲೆಕ್ಕ

ಅರಸೀಕೆರೆ ಒಣ ಸೀಮೆ. ಇಲ್ಲಿ ಮುಂಗಾರಿಗಿಂತ ಸೆಪ್ಟೆಂಬರ್-ಅಕ್ಟೋಬರ್ ಮಳೆಯನ್ನೇ ಹೆಚ್ಚು ನಂಬಬೇಕು. ಆದುದರಿಂದ ಮುಂಗಾರು ಕೈಕೊಟ್ಟ ವರ್ಷ ಮಳೆಗಾಲದ ಪಾಲನ್ನು ಕೊಯ್ಯಲು ಅವಸರ ಮಾಡಬಾರದು. ಚಿತ್ತೆ-ಸ್ವಾತಿಯವರೆಗೆ ಕಾದು ಎರಡು ಪಾಲನ್ನೂ ಒಟ್ಟಿಗೆ ಕೊಯ್ಯುವುದು ಮೇಲು.

ಬೇಲೂರಿನ ಪಶ್ಚಿಮ ಭಾಗ, ಅರೇಹಳ್ಳಿ ಕಡೆ, ಮಲೆನಾಡಿಗೆ ಸೇರಿದ್ದು. ಜುಲೈ-ಆಗಸ್ಟ್ ತಿಂಗಳಲ್ಲಿ ಹುಲ್ಲು ಹುಲುಸಾಗಿದ್ದರೂ ಒಣಗಿಸಲು ಬಿಸಿಲಿರುವುದಿಲ್ಲ. ಇಲ್ಲಿ ಮಳೆಗಾಲದ ಪಾಲನ್ನು ದಿನವೂ ಬೇಕಾದಷ್ಟೇ ಕೊಯ್ದು ಹಸಿಯಾಗಿ ಹಾಕಬೇಕು. ಮೆದೆಯ ಹುಲ್ಲನ್ನು ಮಳೆ ನಿಂತ ಮೇಲೆಯೇ ಕೊಯ್ಯಬೇಕು.

ಹಳೇಬೀಡು ಎರಡರ ನಡುವಿನ ಸೀಮೆ. ಆಲೂಗೆಡ್ಡೆ, ಮುಸುಕಿನ ಜೋಳಗಳಿಗೆ ಹೊಲವೆಲ್ಲ ಹೋಗಿ ರಾಗಿ ಹುಲ್ಲು ಕಡಿಮೆಯಾಗಿರುವ ಮನೆಗಳಲ್ಲಿ ಬದು ಮತ್ತು ಹಳ್ಳದ ದಂಡೆಯ ಹುಲ್ಲೇ ಆ ಕೊರತೆ ತುಂಬಬೇಕು. ಅಗಲ ಬದುಗಳಲ್ಲಿ ಒಂದು ಬದು ಬಿಟ್ಟು ಒಂದನ್ನು ಕೊಯ್ದರೂ ಮೂರು ಪಾಲಿನ ಉದ್ದೇಶ ನೆರವೇರುತ್ತದೆ.

ಮೆದೆ ಮತ್ತು ಮೇವಿನ ಲೆಕ್ಕ

ಕೊಯ್ದ ಹುಲ್ಲನ್ನು ಎರಡು ಮೂರು ದಿನ ತಿರುವಿ ಹಾಕಿ ಒಣಗಿಸಬೇಕು. ಒಂದು ಹಿಡಿಯನ್ನು ಹಗ್ಗದಂತೆ ತಿರುಚಿದಾಗ ನೀರಿನ ಪಸೆ ಕಾಣಬಾರದು. ಹಸಿಯಾಗಿ ಮೆದೆ ಹಾಕಿದರೆ ಒಳಗೆ ಕಾವು ಹುಟ್ಟಿ ಬೂಷ್ಟು ಹಿಡಿಯುತ್ತದೆ. ಕೆಲವೊಮ್ಮೆ ಬೆಂಕಿಯೂ ಹತ್ತುತ್ತದೆ. ಮೆದೆಯ ಕೆಳಗೆ ಕಲ್ಲು ಅಥವಾ ಕಟ್ಟಿಗೆ ಹಾಸಬೇಕು.

ಚೆನ್ನಾಗಿ ಬೇರೂರಿದ ನಾಟಿ ಹುಲ್ಲಿನಿಂದ ಮಳೆಯ ಆಸರೆಯಲ್ಲಿ ಹೆಕ್ಟೇರಿಗೆ 3ರಿಂದ 5 ಟನ್, ಅಂದರೆ ಎಕರೆಗೆ 1.2ರಿಂದ 2 ಟನ್ ಒಣ ಹುಲ್ಲನ್ನು ನಿರೀಕ್ಷಿಸಬಹುದು. ಮೂರನೆಯ ಒಂದು ಪಾಲು ಬಿಟ್ಟರೆ ಕೈಗೆ ಸಿಗುವುದು 800ರಿಂದ 1,300 ಕಿ.ಗ್ರಾಂ. ಸುಮಾರು 300 ಕಿ.ಗ್ರಾಂ. ತೂಗುವ ನಾಟಿ ಎತ್ತಿಗೆ ದಿನಕ್ಕೆ 7 ಕಿ.ಗ್ರಾಂ. ಒಣ ಮೇವು ಬೇಕು. ಫೆಬ್ರವರಿಯಿಂದ ಮೇವರೆಗಿನ 120 ದಿನಗಳಿಗೆ 840 ಕಿ.ಗ್ರಾಂ. ಆಗುತ್ತದೆ. ಹಕ್ಕಿಯ ಪಾಲು ಬಿಟ್ಟ ಮೇಲೂ ಎರಡು ಪಾಲಿನ ಹುಲ್ಲನ್ನೆಲ್ಲ ಒಣಗಿಸಿಟ್ಟುಕೊಂಡರೆ ಒಂದು ಎಕರೆ ಕಲ್ಲು ನೆಲ ಒಂದು ದನವನ್ನು ಬೇಸಿಗೆ ದಾಟಿಸುತ್ತದೆ ಎಂದಾಯಿತು. ಮಳೆಗಾಲದ ಪಾಲನ್ನು ಹಸಿಯಾಗಿಯೇ ಹಾಕಿ ಮುಗಿಸಿದರೆ ಆ ತಿಂಗಳುಗಳಲ್ಲಿ ರಾಗಿ ಹುಲ್ಲು ಅಷ್ಟರಮಟ್ಟಿಗೆ ಉಳಿಯುತ್ತದೆ.

ಬಲಿತ ಹುಲ್ಲಿನ ಸತ್ವ ಹೆಚ್ಚಿಸಲು 100 ಕಿ.ಗ್ರಾಂ. ಒಣ ಹುಲ್ಲಿಗೆ 4 ಕಿ.ಗ್ರಾಂ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆಯಿಂದ 21 ದಿನ ಮುಚ್ಚಿಡಬೇಕು. ತೆಗೆದ ಹುಲ್ಲನ್ನು ಸ್ವಲ್ಪ ಹೊತ್ತು ಗಾಳಿಗೆ ಹರಡಿ, ವಾಸನೆ ಕಡಿಮೆಯಾದ ಮೇಲೆ ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು. ಯೂರಿಯಾ ನೀರನ್ನು ದನ ಕುಡಿದರೆ ಪ್ರಾಣಕ್ಕೆ ಅಪಾಯ.

ಬೆಂಕಿ ಇಡಬೇಡಿ

ಹೊಸ ಚಿಗುರು ಬರಲೆಂದು ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಇಡುವ ರೂಢಿ ಕೆಲವೆಡೆ ಇದೆ. ಬೆಂಕಿಯಿಂದ ಚಿಗುರು ಬೇಗ ಬಂದಂತೆ ಕಂಡರೂ ಉಳಿಸಿದ ಮೇವು ಸುಟ್ಟುಹೋಗುತ್ತದೆ, ಮಣ್ಣು ಬರಿದಾಗಿ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ, ನೆಲದ ಮೇಲಿನ ಮೊಟ್ಟೆಗಳು ಬೂದಿಯಾಗುತ್ತವೆ. ಬೇಸಿಗೆ ಪಾಲಿನ ಸುತ್ತ ಜನವರಿಯಲ್ಲಿಯೇ 3 ಮೀಟರ್ ಅಗಲ ಹುಲ್ಲು ಸವರಿ ಬೆಂಕಿ ತಡೆ ಮಾಡಿಕೊಳ್ಳಬೇಕು.

ಹಕ್ಕಿಯಿಂದ ರೈತನಿಗೇನು ಲಾಭ?

ಗೌಜಲಹಕ್ಕಿ ಗೆದ್ದಲನ್ನು ಕೆದಕಿ ತಿನ್ನುತ್ತದೆ. ನೆಲಗುಬ್ಬಿ ತನ್ನ ಮರಿಗಳಿಗೆ ಹುಳುಗಳನ್ನೇ ಉಣಿಸುತ್ತದೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ನಮ್ಮ ಬಯಲಿಗೆ ಬರುವ ಸೆಳೆವ ಹಕ್ಕಿಗಳು ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೆ ತಂಗಿ, ಹಗಲು ಮಿಡತೆಗಳನ್ನು ಬೇಟೆಯಾಡುತ್ತವೆ. ಗೂಬೆ ಇಲಿ ಹಿಡಿಯುತ್ತದೆ. ಬುಡ ಬುಡವಾಗಿ ಬೆಳೆಯುವ ನಾಟಿ ಹುಲ್ಲಿನ ನಡುವೆ ಬರಿ ನೆಲದ ಸಂದಿ ಇರುವುದರಿಂದ ಮರಿಗಳು ಓಡಾಡಿ ಆಹಾರ ಹುಡುಕಲು ಅನುಕೂಲ. ಲಂಟಾನದ ಪೊದೆಯಲ್ಲಾಗಲಿ ನೀಲಗಿರಿ ತೋಪಿನಲ್ಲಾಗಲಿ ಈ ಅನುಕೂಲವಿಲ್ಲ. ಬಯಲು ಹುಲ್ಲುಗಾವಲಿನಲ್ಲಿ ಒತ್ತಾಗಿ ಮರ ನೆಟ್ಟರೆ ಕಾಡಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹುಲ್ಲೂ ಹೋಗುತ್ತದೆ, ಹುಲ್ಲನ್ನು ನಂಬಿದ ಜೀವಿಗಳೂ ಹೋಗುತ್ತವೆ.

ಹಾಗಾದರೆ ಹುಲ್ಲು ಬೆಳೆಸಿ ಹಂದಿ, ಚಿರತೆಗಳನ್ನೂ ಕರೆದುಕೊಳ್ಳಬೇಕೇ ಎಂದು ರೈತರು ಕೇಳುವುದು ಸಹಜ. ಅರಸೀಕೆರೆಯ ಗುಡ್ಡಗಳಲ್ಲಿ ಚಿರತೆ, ಕರಡಿಗಳ ಭಯ ಇರುವುದು ನಿಜವೇ. ಆದರೆ ಹಂದಿ, ಚಿರತೆಗಳು ಹಗಲು ಅಡಗುವುದು ದಟ್ಟ ಲಂಟಾನ, ಜಾಲಿಪೊದೆ, ಕಲ್ಲಿನ ಸಂದಿಗಳಲ್ಲಿ. ಪೊದೆ ತೆಗೆದು ಬಯಲು ಮಾಡಿದ ಹುಲ್ಲಿನಲ್ಲಿ ಅವಕ್ಕೆ ಅಂಥ ಮರೆ ಸಿಗದು. ಆದರೂ ಮನೆ ಮತ್ತು ಕೊಟ್ಟಿಗೆಯ ಪಕ್ಕದಲ್ಲಿ ಎತ್ತರದ ಹುಲ್ಲು ನಿಲ್ಲಿಸಬಾರದು. ಬೇಸಿಗೆ ಪಾಲು ಮನೆಯಿಂದ ದೂರದ ಅಂಚಿನಲ್ಲಿರಲಿ. ನವಿಲಿನ ಕಾಟ ಇರುವಲ್ಲಿ ಬಿತ್ತಿದ ರಾಗಿ ಹೊಲಕ್ಕೆ ಕಾವಲು ತಪ್ಪದು. ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಗೋಮಾಳದ ಮಾತು

1966ರ ಭೂ ಕಂದಾಯ ನಿಯಮಗಳು ಪ್ರತಿ 100 ಜಾನುವಾರುಗಳಿಗೆ 30 ಎಕರೆ ಗೋಮಾಳವನ್ನು ಗೊತ್ತುಪಡಿಸಿದವು. ಒಂದು ದನಕ್ಕೆ 12 ಗುಂಟೆ ಆಯಿತು. ಮೇಲಿನ ಲೆಕ್ಕದಂತೆ ಒಂದು ದನದ ಬೇಸಿಗೆಗೆ ಒಂದು ಎಕರೆ ಬೇಕಾದಾಗ 12 ಗುಂಟೆ ಪೂರಾ ಉಳಿದಿದ್ದರೂ ಸಾಲದು. ಒತ್ತುವರಿಯಾದ ಗೋಮಾಳದಿಂದ ಏನು ತಾನೇ ನಿರೀಕ್ಷಿಸಲಾದೀತು? ಆದುದರಿಂದ ಇರುವಷ್ಟನ್ನಾದರೂ ಊರಿನವರು ಸೇರಿ ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲಿಗೆ ದನ ಬಿಡದಂತೆ ಕಟ್ಟು ಮಾಡಿಕೊಳ್ಳಬೇಕು. ಬಿಟ್ಟ ಪಾಲಿನ ಅಂಚಿನ ಹುಲ್ಲನ್ನು ಕೊಯ್ದು ದನ ಇರುವ, ಭೂಮಿ ಇಲ್ಲದ ಮನೆಗಳಿಗೆ ಮೊದಲು ಹಂಚಬಹುದು. ಗೋಮಾಳ ಹೋದರೆ ಮೊದಲು ದನ ಮಾರಬೇಕಾಗುವವರು ಅವರೇ.

ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರ ಮತ್ತು ಕಾರೆಕೆರೆಯ ಕೃಷಿ ಮಹಾವಿದ್ಯಾಲಯಗಳಲ್ಲಿ ಸಲಹೆ ಪಡೆಯಬಹುದು. ಮೇವಿನ ಬೆಳೆಗಳ ಸಂಶೋಧನೆ ಮಂಡ್ಯದ ವಿ.ಸಿ. ಫಾರಂನಲ್ಲಿ ನಡೆಯುತ್ತದೆ. 1962ರಲ್ಲಿ ಝಾನ್ಸಿಯಲ್ಲಿ ಸ್ಥಾಪನೆಯಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಗೆ ಧಾರವಾಡದಲ್ಲಿ ಪ್ರಾದೇಶಿಕ ಕೇಂದ್ರವಿದೆ.

ರೈತ ಬಾಂಧವರು ಈ ಸಲ ದೊಡ್ಡದಾಗಿ ಏನನ್ನೂ ಮಾಡಬೇಕಾಗಿಲ್ಲ. ರಾಗಿ ಬಾರದ ಒಂದು ಮೂಲೆಯನ್ನು ಆರಿಸಿ, ಮೂರು ಕಲ್ಲು ನೆಟ್ಟು, ಒಂದು ಪಾಲಿಗೆ ದನ ಬಿಡದೆ ಒಂದು ಮಳೆಗಾಲ ನೋಡಲಿ. ಕಾರ್ತೀಕದ ಬೆಳಗಿನಲ್ಲಿ ಆ ಪಾಲಿನಿಂದ ಗೌಜಲಹಕ್ಕಿಯ ಕೂಗು ಕೇಳಿಬಂದರೆ ಹುಲ್ಲು ನೆಲೆಯೂರಿತೆಂದು ತಿಳಿಯಬಹುದು. ಆ ವರ್ಷದ ಬೇಸಿಗೆಯಲ್ಲಿ ಸಂತೆಗೆ ಹೊಡೆಯಬೇಕಾಗಿದ್ದ ಎತ್ತು ಕೊಟ್ಟಿಗೆಯಲ್ಲಿಯೇ ಉಳಿದರೆ ಪಟ್ಟ ಶ್ರಮಕ್ಕೆ ಅದೇ ಪ್ರತಿಫಲ.